ಸರ್ಕಲ್ ಎಡಕ್ಕಿರಬೇಕು

ನನಗೆ ಸೈಕಲ್ಲೂ ಬರುವುದಿಲ್ಲ. ಮುಂಬಯಿಗೆ ಬಂದು ಐವತ್ತು ವರ್ಷವಾಯಿತು, ಇವತ್ತಿಗೂ ರಸ್ತೆ ದಾಟುವಾಗ ಯಾರಾದರೂ ದಾಟುವವರನ್ನು ಹುಡುಕಿ ಅವರ ಬೆನ್ನ ಹಿಂದೆ ದಾಟುತ್ತೇನೆ. ಆದರೆ ಪರದೇಶದಲ್ಲಿ ಮೋಟರ್ ಸೈಕಲ್ ಓಡಿಸುವ ಕಾನೂನು ಏನು ಎಂದು ಕೇಳಿ, ಹೇಳುತ್ತೇನೆ. ಸ್ಟಾಪ್ ಎಂದು ಬರೆದ ಕಡೆ ರಸ್ತೆ ಖಾಲಿ ಇದ್ದರೂ ಗಾಲಿ ಪೂರ್ತಿ ನಿಲ್ಲಬೇಕು, ಕಾಲು ನೆಲಕ್ಕೆ ತಾಗಬೇಕು. ಪಕ್ಕದ ಸಾಲಿಗೆ ಹೋಗುವ ಮೊದಲು ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ಹೆಗಲ ಮೇಲಿಂದ ಹಿಂದೆ ನೋಡಬೇಕು. ಚಪ್ಪಲಿ ಹಾಕಿಕೊಂಡು ಗಾಡಿ ಹತ್ತುವಂತಿಲ್ಲ. ಬಿಳಿ ಪಟ್ಟೆಯ ಹತ್ತಿರ ಮನುಷ್ಯ ನಿಂತಿದ್ದರೆ ಅವನು ದಾಟುವ ತನಕ ಕಾಯಬೇಕು, ಹಾರ್ನ್ ಹೊಡೆದು ಓಡಿಸುವಂತಿಲ್ಲ.

ಇದನ್ನೆಲ್ಲ ಕಲಿತದ್ದು ಮೊಮ್ಮಗನಿಗೋಸ್ಕರ. ಅವನು ಗಲ್ಫ್‌ಗೆ ಹೋದ, ಮೋಟರ್ ಸೈಕಲ್ ಮೇಲೆ ಮನೆಮನೆಗೆ ಊಟ ಮುಟ್ಟಿಸುವ ಕೆಲಸಕ್ಕೆ. ಅಲ್ಲಿಯ ಲೈಸೆನ್ಸ್ ಕೈಗೆ ಸಿಗಲು ನಾಲ್ಕು ತಿಂಗಳಾಯಿತು. ಆ ನಾಲ್ಕು ತಿಂಗಳಲ್ಲಿ ಎರಡು ಸಲ ಫೇಲಾದ. ಮೊದಲನೆಯದು ಅವನ ತಪ್ಪು. ಎರಡನೆಯದು ನನ್ನದು. ಅದನ್ನು ಬರೆಯೋಣ ಎಂದು ಕುಳಿತಿದ್ದೇನೆ. ನಾನು ಊರಿನ ಶಾಲೆಯಲ್ಲಿ ನಾಲ್ಕನೇ ಇಯತ್ತೆ ತನಕ ಓದಿದವಳು. ಅಷ್ಟು ಅಕ್ಷರ ಸಾಕು, ಹೇಳುವುದು ಇರಬೇಕು.

ನಾವು ವಿಜಾಪುರದ ಕಡೆಯವರು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು, ಬುಟ್ಟಿ ಹೊತ್ತು, ಸಯನ್‌ನ ಈ ಚಾಳಿನಲ್ಲಿ ಒಂದು ಖೋಲಿ ಹಿಡಿದೆವು. ಗಂಡ ಹೋಗಿ ಬಹಳ ಕಾಲವಾಯಿತು. ಒಬ್ಬನೇ ಮಗ, ಅವನು ಕಾಮಾಲೆಯಿಂದ ಹೋದ. ಆಗ ಮೊಮ್ಮಗನಿಗೆ ಹನ್ನೊಂದು ವರ್ಷ. ಸೊಸೆಗೆ ಮೂವತ್ತೂ ತುಂಬಿರಲಿಲ್ಲ. ಇನ್ನೊಂದು ಮದುವೆ ಮಾಡಿಕೋ ಎಂದು ನಾನೇ ಹೇಳಿದೆ. ಮಾಡಿಕೊಂಡಳು, ಕಲ್ಯಾಣದ ಆಚೆ ಇದ್ದಾಳೆ, ದೀಪಾವಳಿಗೆ ಫೋನ್ ಮಾಡುತ್ತಾಳೆ. ಹುಡುಗ ನನ್ನ ಹತ್ತಿರ ಉಳಿದ. ನಾನು ಜೋಳದ ರೊಟ್ಟಿ ಬಡಿದು ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ಅಂಗಡಿಗೆ ಕೊಡುತ್ತೇನೆ. ಅವನು ಬೆಳೆದದ್ದು ಆ ರೊಟ್ಟಿಯ ಮೇಲೆಯೇ.

ಅವನು ಚಾಳಿನಲ್ಲಿ ಮರಾಠಿ, ಗೆಳೆಯರ ಜೊತೆ ಹಿಂದಿ, ನನ್ನ ಜೊತೆ ಮಾತ್ರ ಕನ್ನಡ. ಅದೂ ಅರ್ಧ. ಓದಲು ಬರೆಯಲು ಬರುವುದಿಲ್ಲ. ಆದರೂ ಈ ಖೋಲಿಯಲ್ಲಿ ಕನ್ನಡ ಕೇಳುತ್ತಿದ್ದದ್ದು ಅವನ ಬಾಯಿಂದಲೇ.

ಹದಿನೆಂಟು ತುಂಬಿದ ಮೇಲೆ ಇಲ್ಲಿಯ ಲೈಸೆನ್ಸ್ ಮಾಡಿಸಿದ. ನೆಲದ ಮೇಲೆ ಎಂಟರ ಆಕಾರ ಬರೆದಿರುತ್ತಾರೆ, ಕಾಲು ಊರದೆ ಅದರ ಮೇಲೆ ಗಾಡಿ ಸುತ್ತಿಸಬೇಕು. ಅವನು ಹತ್ತು ನಿಮಿಷದಲ್ಲಿ ಮುಗಿಸಿ ಬಂದು ವಡಾಪಾವ್ ತಿಂದ. ಆಮೇಲೆ ಆರು ವರ್ಷ ಈ ಮುಂಬಯಿಯಲ್ಲೇ ಸ್ಕೂಟರ್ ಮೇಲೆ ಪಾರ್ಸೆಲ್ ಹಂಚಿದ. ಸಯನ್, ಧಾರಾವಿ, ದಾದರ್, ಬೈಕುಲ್ಲಾ, ಯಾವ ಗಲ್ಲಿ ಯಾವ ಗಲ್ಲಿಗೆ ಕೂಡುತ್ತದೆ ಎಂದು ಅವನಿಗೆ ಗೊತ್ತು. ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ಗಾಡಿ ನಡೆಸಿದವನು. ಇವನಿಗೆ ಗಾಡಿ ಓಡಿಸುವುದನ್ನು ಇನ್ಯಾರು ಕಲಿಸಬೇಕು ಎಂದು ನಾನೂ ಅಂದುಕೊಂಡಿದ್ದೆ, ಅವನೂ ಅಂದುಕೊಂಡಿದ್ದ.

ಗಲ್ಫ್‌ನ ಕೆಲಸ ಗೊತ್ತಾದಾಗ ಆರ್‌ಟಿಓಗೆ ಹೋಗಿ ಒಂದು ಸಣ್ಣ ಪುಸ್ತಕ ತಂದ. ಅದರಲ್ಲಿ ಅವನ ಫೋಟೋ, ಮೇಲೆ ಠಸ್ಸೆ.

"ಇಂಟರ್‌ನ್ಯಾಷನಲ್ ಪರ್ಮಿಟ್, ಆಯಿ. ಇದು ಇದ್ರ ಇಡೀ ದುನಿಯಾದಾಗ ಗಾಡಿ ಹೊಡೀಬಹುದು."

ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ.

"ದುನಿಯಾ ಎಲ್ಲಾ ಬ್ಯಾಡ. ಒಂದ ಊರಾಗ ನೆಟ್ಟಗ ಹೊಡಿ, ಸಾಕು," ಎಂದೆ.

ಅಲ್ಲಿ ಇಳಿದ ಮೂರನೇ ದಿನ ಗೊತ್ತಾಯಿತು, ಆ ಪುಸ್ತಕ ಊರು ನೋಡಲು ಬಂದು ಹೋಗುವವರಿಗಂತೆ. ಕೆಲಸಕ್ಕೆಂದು ಬಂದು ಉಳಿಯುವವರಿಗೆ ಅಲ್ಲಿಯದೇ ಲೈಸೆನ್ಸ್ ಬೇಕು. ಮೊದಲು ಕಣ್ಣು ಪರೀಕ್ಷೆ, ಆಮೇಲೆ ಕ್ಲಾಸು, ಆಮೇಲೆ ಕಂಪ್ಯೂಟರಿನ ಮುಂದೆ ಪ್ರಶ್ನೆ, ಆಮೇಲೆ ಅಂಗಳದಲ್ಲಿ ಟೆಸ್ಟ್, ಕೊನೆಗೆ ರಸ್ತೆಯ ಮೇಲೆ ಟೆಸ್ಟ್. ರಸ್ತೆಯ ಟೆಸ್ಟಿಗೆ ಅವನ ಕಂಪನಿ ಮೂರು ಅವಕಾಶ ಕೊಟ್ಟಿತ್ತು. ಮೂರನೆಯದೂ ಹೋದರೆ ವಾಪಸ್ ಟಿಕೆಟ್. ಕಾಗದದಲ್ಲಿ ಹಾಗೆಂದು ಬರೆದು ಸಹಿ ಹಾಕಿಸಿಕೊಂಡಿದ್ದರು.

ಅವನು ಹೋದ ಮೇಲೆ ಖೋಲಿಯಲ್ಲಿ ಉಳಿದದ್ದು ನಾನು ಮತ್ತು ಅವನ ಹಳೆಯ ಹೆಲ್ಮೆಟ್. ಅದು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಒಂದು ವಾರ ನೋಡಿದೆ. ಎಂಟನೇ ದಿನ ಕೆಳಗಿಳಿಸಿ ಅದರಲ್ಲಿ ಉಳ್ಳಾಗಡ್ಡಿ ತುಂಬಿ ಒಲೆಯ ಪಕ್ಕ ಇಟ್ಟೆ. ಒಳ್ಳೆಯ ಬುಟ್ಟಿ, ಗಾಳಿಗೆ ತೂತೂ ಇವೆ. ಪಕ್ಕದ ಖೋಲಿಯ ಮರಾಠಿ ಹೆಂಗಸು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಗ ಆಜೀ, ಹುಡುಗನ ತಲೆಯ ಜಾಗದಲ್ಲಿ ಕಾಂದಾ ಇಟ್ಟೀಯಾ!" ಎಂದು ಅವಳ ಮರಾಠಿಯಲ್ಲಿ ಬೈದಳು. ತಲೆ ಅವನ ಜೊತೆ ಹೋಗಿದೆ, ಇದು ಖಾಲಿ ಡಬ್ಬಿ ಎಂದು ನನ್ನ ಮರಾಠಿಯಲ್ಲಿ ಹೇಳಿದೆ.

ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಕ್ಲಾಸು ಬೆಳಿಗ್ಗೆಯೇ ಮುಗಿಯುತ್ತಿತ್ತು. ಲೈಸೆನ್ಸ್ ಇಲ್ಲದವನಿಗೆ ಕೆಲಸವಿಲ್ಲ, ಹೊರಗೆ ಬಿಸಿಲು. ಒಂದು ಖೋಲಿಯಲ್ಲಿ ಆರು ಜನ, ಇವನು ಮೇಲಿನ ಮಂಚದಲ್ಲಿ. ಹಾಗಾಗಿ ಮಧ್ಯಾಹ್ನ ನಾನು ರೊಟ್ಟಿ ಕೊಟ್ಟು ಮನೆಗೆ ಬರುವುದಕ್ಕೂ ಅವನ ಫೋನ್ ಬರುವುದಕ್ಕೂ ಸರಿಹೋಗುತ್ತಿತ್ತು. ದಿನಾ ಬರುತ್ತಿತ್ತು. ಹಸಿರು ಗುಂಡಿ ಒತ್ತಿದರೆ ಅವನ ಮುಖ. ಮುಂಬಯಿಯಲ್ಲಿದ್ದಾಗ ಅವನು ನನ್ನ ಜೊತೆ ದಿನಕ್ಕೆ ನಾಲ್ಕು ಮಾತೂ ಆಡುತ್ತಿರಲಿಲ್ಲ. ಊಟ ಅಂದ್ರೆ ಊಟ, ಹೋಗ್ತೀನಿ ಅಂದ್ರೆ ಹೋದ. ಅಲ್ಲಿಂದ ತಾಸುಗಟ್ಟಲೆ ಮಾತಾಡುತ್ತಿದ್ದ. ಆ ಖೋಲಿಯ ಉಳಿದ ಐವರಿಗೆ ತಿಳಿಯದ ಭಾಷೆ ಎಂದರೆ ಕನ್ನಡವೇ. ಬೇಸರ, ಹೆದರಿಕೆ ಎಲ್ಲ ಅದರಲ್ಲೇ ಹೇಳಬೇಕಿತ್ತು.

"ಆಯಿ, ಇಲ್ಲಿ ಸಬ್ ಉಲ್ಟಾ ಅದ."

"ಏನ್ ಉಲ್ಟಾ?"

"ನಾವು ರಸ್ತಾದ ಎಡಕ್ಕ ಹೋಗ್ತೀವಲ್ಲ, ಇವ್ರು ಬಲಕ್ಕ ಹೋಗ್ತಾರ."

"ಎಲ್ಲಾರೂ?"

"ಎಲ್ಲಾರೂ."

"ಪೊಲೀಸರು ಏನೂ ಅನ್ನೂದಿಲ್ಲೇನು?"

"ಪೊಲೀಸರೂ ಬಲಕ್ಕೇ ಹೋಗ್ತಾರ, ಆಯಿ."

ಕಂಪ್ಯೂಟರಿನ ಪರೀಕ್ಷೆಗೆ ಹಿಂದಿಯ ಪುಸ್ತಕ ಕೊಟ್ಟಿದ್ದರು. ಅವನು ಓದಿ ಹೇಳುವವನು, ನಾನು ಪ್ರಶ್ನೆ ಕೇಳುವವಳು. ಕೆಂಪು ಅಂಚಿನ ಮೂರು ಮೂಲೆಯ ಫಲಕ ಏನು ಹೇಳುತ್ತದೆ, ದುಂಡಗಿನ ಫಲಕ ಏನು ಹೇಳುತ್ತದೆ. ಮಾತಿನಲ್ಲಿ ತಿಳಿಯದಿದ್ದರೆ ನಾನು ಹಿಟ್ಟು ನಾದುವ ಪರಾತದಲ್ಲಿ ಜೋಳದ ಹಿಟ್ಟು ತೆಳ್ಳಗೆ ಹರಡಿ, ಬೆರಳಿನಿಂದ ರಸ್ತೆ ಗೀರುತ್ತಿದ್ದೆ. ಎಣ್ಣೆ ಬಾಟಲಿಯ ಮುಚ್ಚಳ ಅವನ ಗಾಡಿ. ಬೆಂಕಿಪೊಟ್ಟಣ ಲಾರಿ. ಫೋನನ್ನು ನೀರಿನ ಕೊಡಕ್ಕೆ ಒರಗಿಸಿ ಇಬ್ಬರೂ ಅದನ್ನು ನೋಡುತ್ತಿದ್ದೆವು.

"ಈಗ ನೀ ಇಲ್ಲಿಂದ ಇಲ್ಲಿಗೆ ಹೋಗಬೇಕು. ಮದಲ ಏನ್ ಮಾಡ್ತಿ?"

"ಇಂಡಿಕೇಟರ್. ಕನ್ನಡಿ. ಆಮ್ಯಾಲ ಕತ್ತು ತಿರುಗಿಸಿ ಹಿಂದ ನೋಡೂದು."

"ಮುಂಬಯ್ಯಾಗ ಎಂದರ ನೋಡಿದ್ದೇನು?"

"ಮುಂಬಯ್ಯಾಗ ಹಿಂದಿನವ್ನು ನಮ್ಮನ್ನ ನೋಡ್ತಾನ, ಆಯಿ."

ಕಂಪ್ಯೂಟರಿನ ಪರೀಕ್ಷೆ ಒಂದೇ ಸಲಕ್ಕೆ ಪಾಸಾದ. ಅಂಗಳದ ಟೆಸ್ಟೂ ಪಾಸು. ರಸ್ತೆಯ ಮೊದಲ ಟೆಸ್ಟಿನಲ್ಲಿ ಒಂದು ನಿಮಿಷವೂ ಉಳಿಯಲಿಲ್ಲ. ಪರೀಕ್ಷೆ ಮಾಡುವವನು ಹಿಂದೆ ಕಾರಿನಲ್ಲಿ ಕುಳಿತು ಬರುತ್ತಾನೆ, ಹೆಲ್ಮೆಟ್ಟಿನೊಳಗೆ ಕಿವಿಗೆ ಮಾತು ಬರುತ್ತದೆ. ಗೇಟ್ ದಾಟಿದ ಕೂಡಲೇ ಇವನು ಆರು ವರ್ಷದ ರೂಢಿಯಂತೆ ರಸ್ತೆಯ ಎಡಕ್ಕೆ ಹೋಗಿ ನಿಂತ. ಎದುರಿಗೆ ಲಾರಿ. ಕಿವಿಯಲ್ಲಿ ಬಂದ ಮಾತು ಒಂದೇ, ಇಳಿ.

ಅದು ರೂಢಿಯ ತಪ್ಪು, ಹೋಗಲಿ. ಗೇಟ್ ದಾಟುವಾಗ ಬಲ ಬಲ ಎಂದು ಬಾಯಲ್ಲಿ ಹೇಳಿಕೊಂಡು ದಾಟು ಎಂದೆ. ಅವನ ಹೆದರಿಕೆ ಇದ್ದದ್ದು ಬೇರೆ ಕಡೆ.

"ಸರ್ಕಲ್, ಆಯಿ. ಇಲ್ಲಿ ಸಿಗ್ನಲ್ ಕಮ್ಮಿ, ಸರ್ಕಲ್ ಜಾಸ್ತಿ. ನಾಕೂ ಕಡಿಂದ ಗಾಡಿ ಬರ್ತಾವ. ದಿಮಾಗ್ ಬಂದ್ ಆಗ್ತದ."

ಇಲ್ಲಿ ನಾನು ಜಾಣತನ ತೋರಿಸಿದೆ. ಕಿಂಗ್ಸ್ ಸರ್ಕಲ್ಲನ್ನು ದಿನಾ ನೋಡುವವಳು ನಾನು. ನಡುವೆ ದುಂಡಗಿನ ತೋಟ, ಮೇಲೆ ಫ್ಲೈಓವರ್, ಕೆಳಗೆ ಬಸ್ಸು ಟ್ಯಾಕ್ಸಿ ಎಲ್ಲ ತೋಟವನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತವೆ. ಗುಡಿ ಸುತ್ತಿದ ಹಾಗೆ. ಬಸ್ಸಿನ ಕಿಟಕಿಯಲ್ಲಿ ಕುಳಿತು ಎಷ್ಟೋ ಸಲ ಹಾಗೆ ಅಂದುಕೊಂಡಿದ್ದೆ.

"ಹೆದರೂದ್ ಯಾಕ? ಗುಡಿ ಸುತ್ತಿಲ್ಲೇನು ನೀನು? ಸರ್ಕಲ್ ಬಂತಂದ್ರ ಗುಡಿ ಬಂತು ಅಂತ ತಿಳಿ. ದೇವ್ರು ನಿನ್ನ ಬಲಕ್ಕ ಇರಬೇಕು. ಪ್ರದಕ್ಷಿಣಿ ಹಾಕಿದಂಗ ಹೋಗು."

"ಅರೇ, ಹೌದಲ್ಲ!" ಎಂದ. ಮುಖ ಅರಳಿತು. "ಇದು ಚಲೋ ಹೇಳ್ದಿ ನೋಡು."

ನನಗೂ ಹಿಗ್ಗು. ನಾಲ್ಕನೇ ಇಯತ್ತೆಯವಳು ಪರದೇಶದ ರಸ್ತೆ ದಾಟಿಸಿದೆ ಎಂದು. ರಸ್ತೆ ಬಲಕ್ಕಾದರೆ ಸರ್ಕಲ್ಲೂ ತಿರುವು ಬದಲಿಸುತ್ತದೆ ಎಂದು ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಕ್ಲಾಸಿನಲ್ಲಿ ಅವನು ಸರಿಯಾಗಿಯೇ ಸುತ್ತುತ್ತಿದ್ದನಂತೆ. ಮುಂದೆ ಮಾಸ್ತರನ ಗಾಡಿ, ಅದರ ಬೆನ್ನ ಹಿಂದೆ ಇವನು. ಯಾವ ಕಡೆಗೆ ಸುತ್ತುತ್ತಿದ್ದೇನೆ ಎಂದು ಒಂದು ದಿನವೂ ನೋಡಿಕೊಂಡಿರಲಿಲ್ಲ. ಅಜ್ಜಿ ರಸ್ತೆ ದಾಟುವುದೂ ಹಾಗೆಯೇ ಅಲ್ಲವೇ.

ಎರಡನೇ ಟೆಸ್ಟಿನ ದಿನ ಮುಂದೆ ಯಾರ ಗಾಡಿಯೂ ಇರಲಿಲ್ಲ. ಸರ್ಕಲ್ ಖಾಲಿ. ಮಧ್ಯಾಹ್ನ ಫೋನ್ ಬಂತು, ಅವನ ಮುಖ ಕಾಣಲಿಲ್ಲ, ಮಂಚದ ಮೇಲಿನ ಛಾವಣಿ ಕಾಣುತ್ತಿತ್ತು.

"ಏನಾತು?"

"ಪ್ರದಕ್ಷಿಣಿ ಹಾಕ್ದೆ."

"ಮತ್ತ?"

"ಫೇಲ್."

"ಯಾಕ? ನೆಟ್ಟಗ ಹಾಕಲಿಲ್ಲೇನು?"

"ನೆಟ್ಟಗೇ ಹಾಕ್ದೆ. ಇಲ್ಲಿ ದೇವ್ರು ಎಡಕ್ಕ ಇರ್ತಾನಂತ, ಆಯಿ."

ಬಲಗಡೆ ಬಲಗಡೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಸರ್ಕಲ್ ತನಕ ಸರಿಯಾಗಿ ಹೋಗಿದ್ದ. ಅಲ್ಲಿ ನನ್ನ ಮಾತು ನೆನಪಾಗಿ, ಸರ್ಕಲ್ಲನ್ನು ಬಲಕ್ಕಿಟ್ಟುಕೊಂಡು ಎಡದಿಂದ ನುಗ್ಗಿದ. ಎದುರಿನಿಂದ ಗಾಡಿ ಬರುವ ದಾರಿ ಅದು. ಹಿಂದಿನ ಕಾರು ಅಲ್ಲೇ ನಿಂತು ಹಾರ್ನ್ ಹೊಡೆಯಿತು. ಅಲ್ಲಿ ಹಾರ್ನ್ ಹೊಡೆದರೆ ಬೈದಂತೆ.

ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಫೋನ್ ಇಟ್ಟ ಮೇಲೆ ಪರಾತ ತೆಗೆದೆ. ಹಿಟ್ಟು ಹರಡಿದೆ. ನಡುವೆ ಒಂದು ಲೋಟ ಬೋರಲು ಹಾಕಿದೆ, ಸರ್ಕಲ್. ನಾಲ್ಕು ಕಡೆ ರಸ್ತೆ ಗೀರಿದೆ. ಮುಚ್ಚಳವನ್ನು ಕೆಳಗಿನ ರಸ್ತೆಯ ಬಲ ಅಂಚಿಗಿಟ್ಟು ಮೆಲ್ಲಗೆ ನೂಕಿದೆ. ಬಲದಲ್ಲೇ ಉಳಿದು ಒಳಗೆ ಹೋಗಬೇಕೆಂದರೆ ಲೋಟದ ಬಲಬದಿಗೇ ಹೋಗಬೇಕು. ಹೋಯಿತು. ಸುತ್ತಿತು. ಲೋಟ ಮುಚ್ಚಳದ ಎಡಕ್ಕೇ ಉಳಿಯಿತು. ಇನ್ನೊಂದು ಸಲ ನೂಕಿದೆ. ಮತ್ತೂ ಎಡಕ್ಕೇ. ಗುಡಿಯಲ್ಲಿ ಯಾರಾದರೂ ಹೀಗೆ ಸುತ್ತಿದರೆ ಪೂಜಾರಿ ಕೂಗುತ್ತಾನೆ.

ಹಿಟ್ಟಿನ ಮೇಲಿನ ಆ ಗೀರು ನೋಡಿದ ಕೂಡಲೇ ನನಗೆ ನೆನಪಾಯಿತು. ಹೀಗೆ ಸುತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುತ್ತಿದವನು ಇವನೇ.

ಮಗ ಸತ್ತ ದಿನ. ನಮ್ಮಲ್ಲಿ ಸತ್ತವರಿಗೆ ಮಣ್ಣು ಕೊಡುತ್ತಾರೆ, ಸುಡುವುದಿಲ್ಲ. ಮುಂಬಯಿಯಲ್ಲಿ ನಮ್ಮ ಜನಕ್ಕೆ ಜಾಗ ಎಲ್ಲಿದೆ ಎಂದು ಹುಡುಕಿ ಓಡಾಡುವಷ್ಟು ಜನ ನಮಗಿರಲಿಲ್ಲ. ಪಕ್ಕದ ಖೋಲಿಯವಳ ಗಂಡ, ವಯಸ್ಸಾದ ಮನುಷ್ಯ, ಆಗ ಇನ್ನೂ ಬದುಕಿದ್ದ, ಅವನೇ ಮುಂದೆ ನಿಂತು ಹತ್ತಿರದ ಸ್ಮಶಾನಕ್ಕೆ ಒಯ್ಯಿಸಿದ. ಹೆಂಗಸರು ಬರಬಾರದು ಎಂದರು. ನಾನು ಹೋದೆ. ನನ್ನ ಮಗನ ಜೊತೆ ಹೋಗುವುದಕ್ಕೆ ಯಾರನ್ನು ಕೇಳಬೇಕು? ಸುಡುವ ಪದ್ಧತಿ ನಮಗೆ ಯಾರಿಗೂ ಗೊತ್ತಿಲ್ಲ. ಆ ಮನುಷ್ಯ ಹೇಳಿದ, ನಾವು ಮಾಡಿದೆವು.

ಹನ್ನೊಂದು ವರ್ಷದ ಹುಡುಗನ ಎಡ ಹೆಗಲ ಮೇಲೆ ನೀರು ತುಂಬಿದ ಮಡಕೆ ಇಟ್ಟರು. ಕಟ್ಟಿಗೆಯ ಸುತ್ತ ಮೂರು ಸುತ್ತು ಹಾಕು ಎಂದರು. ಅವನು ಗುಡಿಯಲ್ಲಿ ನಡೆದಂತೆ ಹೊರಟ, ಅವನಿಗೆ ತಿಳಿದದ್ದು ಅದೊಂದೇ. ಆ ಮುದುಕ ತೋಳು ಹಿಡಿದು ನಿಲ್ಲಿಸಿದ. "ತಸ ನಾಹೀ ಬಾಳಾ. ಉಲಟ. ಉಲಟ ಫಿರ." ಹಾಗಲ್ಲ ಮಗು, ತಿರುಗಿ ಹೋಗು. ಹುಡುಗನನ್ನು ಹಿಡಿದು ಈ ಕಡೆಯಿಂದ ಆ ಕಡೆಗೆ ತಿರುಗಿಸಿದ. ಅಪ್ಪ ಎಡಕ್ಕೆ ಬಂದ. ಹುಡುಗ ನಡೆದ. ಒಂದೊಂದು ಸುತ್ತಿಗೆ ಮುದುಕ ಕಲ್ಲಿನಿಂದ ಮಡಕೆಗೆ ಒಂದು ತೂತು ಮಾಡುತ್ತಿದ್ದ, ನೀರು ಹುಡುಗನ ಬೆನ್ನಿನ ಮೇಲೆ ಸುರಿಯುತ್ತಿತ್ತು. ಮೂರು ಸುತ್ತು ಮುಗಿದ ಮೇಲೆ ಮಡಕೆಯನ್ನು ಹಿಂದಕ್ಕೆ ಬಿಡು, ಹಿಂದೆ ನೋಡಬೇಡ ಎಂದರು. ಬಿಟ್ಟ. ನೋಡಲಿಲ್ಲ. ಮಡಕೆ ಒಡೆದ ಸದ್ದಿಗೆ ಹೆಗಲು ಮಾತ್ರ ಹಾರಿತು.

ಆಮೇಲೆ ಅವನು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಅಷ್ಟು ಗಟ್ಟಿಯಾಗಿ ಹಿಡಿದು ತಿರುಗಿಸಿದ್ದನ್ನು ಮೈ ಮರೆಯುವುದಿಲ್ಲ. ಒಂದು ಮಾತು ಹೇಳಿದರೆ ಸಾಕು, ಮುಂದಿನ ಟೆಸ್ಟಿನಲ್ಲಿ ಅವನು ಸರಿಯಾದ ಕಡೆಗೇ ಹೋಗುತ್ತಾನೆ ಎಂದು ನನಗೆ ಗೊತ್ತಾಯಿತು.

ಗೊತ್ತಾಗಿಯೂ ಹೇಳಲಿಲ್ಲ. ಮೂರು ದಿನ ಹೇಳಲಿಲ್ಲ. ಅಪ್ಪನ ಸಾವು ನೆನಪಿಸಿ ಹುಡುಗನನ್ನು ನೋಯಿಸಬಾರದು ಎಂದು ಸುಮ್ಮನಿದ್ದೆ ಎಂದು ಬರೆದರೆ ನೀವು ನಂಬುತ್ತೀರಿ. ಅದು ಸುಳ್ಳು. ಇನ್ನೊಂದು ಸಲ ಫೇಲಾದರೆ ಅವನು ಮನೆಗೆ ಬರುತ್ತಾನೆ. ಅದಕ್ಕೇ ಸುಮ್ಮನಿದ್ದೆ. ಹೆಲ್ಮೆಟ್ಟಿನಿಂದ ಉಳ್ಳಾಗಡ್ಡಿ ತೆಗೆದು ಒರೆಸಿ ಮೊಳೆಗೆ ಹಾಕಿದರೆ ಆಯಿತು. ಸಂಜೆ ಬಾಗಿಲ ಹತ್ತಿರ ಬೂಟು ಬಿಚ್ಚುವ ಸದ್ದು. ಇಬ್ಬರಿಗೆ ಅನ್ನ. ಒಬ್ಬರಿಗೆ ಅಂತ ಅನ್ನಕ್ಕಿಟ್ಟರೆ ಪಾತ್ರೆಯ ತಳದಲ್ಲಿ ಅಕ್ಕಿ ಕಾಣುವುದೇ ಇಲ್ಲ, ತಳ ಹಿಡಿದು ಹತ್ತಿ ಹೋಗುತ್ತದೆ. ಎಷ್ಟೋ ದಿನ ಹತ್ತಿದ್ದನ್ನೇ ತಿಂದಿದ್ದೆ.

ಆ ಮೂರು ದಿನ ಚೆನ್ನಾಗಿ ಮಾತಾಡಿದೆ. ಮಳೆ ಬಂತು, ನೀರು ತುಂಬಿತು, ಸಂಡಾಸಿನ ಬಾಗಿಲು ಮುರಿಯಿತು. ಸರ್ಕಲ್ಲಿನ ಮಾತು ಬಂದರೆ ಬೇರೆ ಮಾತು ತೆಗೆದೆ. ಅವನೂ ಪರಾತ ತೋರಿಸು ಎಂದು ಕೇಳಲಿಲ್ಲ. ಕೇಳುವ ಧೈರ್ಯ ಹೋಗಿತ್ತು.

ನಾಲ್ಕನೇ ದಿನ ಫೋನಿನಲ್ಲಿ ಅವನ ಹಿಂದೆ ಯಾರೋ ಬ್ಯಾಗು ಕಟ್ಟುತ್ತಿದ್ದರು. ಕೆಳಗಿನ ಮಂಚದವನು. ಮೂರನೆಯದೂ ಫೇಲಾಗಿ ವಾಪಸ್ ಹೋಗುತ್ತಿದ್ದ. ಬ್ಯಾಗಿನ ಬಾಯಿ ಮುಚ್ಚುತ್ತಿರಲಿಲ್ಲ, ಮೊಣಕಾಲು ಊರಿ ಒತ್ತುತ್ತಿದ್ದ. ಅಷ್ಟು ದೂರದಿಂದ ನನಗೂ ಕಂಡಿತು.

ಮೊಮ್ಮಗ ಅದನ್ನೇ ನೋಡುತ್ತ ಹೇಳಿದ, "ನಂದೂ ಫೇಲ್ ಆದ್ರ ಆತು, ಆಯಿ. ಬಂದ್ ಬಿಡ್ತೀನಿ. ನೀನರ ಅಲ್ಲಿ ಒಬ್ಬಾಕಿನೇ ಇದ್ದೀ. ನಿನ್ನ ನೋಡ್ಕೊಳ್ಳಾಕೂ ಯಾರರ ಬೇಕಲ್ಲ."

ಮೈಯೆಲ್ಲ ಉರಿಯಿತು. ಮೂರು ದಿನದಿಂದ ನಾನು ಒಳಗೆ ಕುಳಿತು ಬೇಯಿಸುತ್ತಿದ್ದದ್ದನ್ನೇ ಅವನು ತಟ್ಟೆಗೆ ಬಡಿಸಿದ್ದ. ನಾಳೆ ಚಾಳಿನಲ್ಲಿ ಯಾರು ಕೇಳಿದರೂ ಅವನು ಹೇಳುವ ಮಾತು ಅದೇ, ಅಜ್ಜಿಗೋಸ್ಕರ ಬಂದೆ. ಹತ್ತು ವರ್ಷ ಹೇಳುತ್ತಾನೆ. ಬರಬರುತ್ತ ನನಗೆ ಕೇಳುವಂತೆ ಹೇಳುತ್ತಾನೆ.

"ನನ್ನ ಹೆಸರ ಹೇಳಿ ಫೇಲ್ ಆಗಬ್ಯಾಡ," ಎಂದೆ. "ನಿನಗ ಬರೂದಿಲ್ಲಂದ್ರ ಬರೂದಿಲ್ಲನ್ನು. ನನ್ನ ಕಾಲು ಕೈ ಎಲ್ಲಾ ಗಟ್ಟಿ ಅವ."

"ನಾ ಹಂಗ ಅನ್ನಲಿಲ್ಲ—"

"ಸುಮ್ಮನ ಕೇಳು. ನಿಮ್ಮಪ್ಪನ್ನ ಸುಟ್ಟ ದಿನ ನೆನಪದೇನು?"

ಅವನು ಬ್ಯಾಗಿನಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದ.

"ಅದ," ಎಂದ.

"ಹೆಗಲ ಮ್ಯಾಲ ಏನಿತ್ತು?"

"ಘಡಾ."

"ಯಾವ ಹೆಗಲು?"

ಅವನ ಎಡಗೈ ಮೆಲ್ಲಗೆ ಮೇಲೇರಿ ಹೆಗಲ ಹತ್ತಿರ ಬಂದದ್ದು ಕಂಡಿತು. "ಇದು."

"ಆ ಮುದುಕ ನಿನ್ನ ಹಿಡದ ತಿರುಗಿಸಿದ್ನಲ್ಲ, ಆಮ್ಯಾಲ ನಿಮ್ಮಪ್ಪ ಯಾವ ಕಡಿಗಿದ್ದ?"

"ಎಡಕ್ಕ."

"ಹಂಗೇ ಹೋಗು. ಸರ್ಕಲ್ ಬಂತಂದ್ರ ಗುಡಿ ಅಲ್ಲ, ನಿಮ್ಮಪ್ಪ. ಎಡಕ್ಕ ಇಟ್ಕೊಂಡು ಸುತ್ತು. ತಪ್ಪೂದಿಲ್ಲ."

ಅತ್ತನೋ ಎಂದು ನೋಡಿದೆ, ಇಲ್ಲ. ಮೂಗಿನಲ್ಲೇ ನಕ್ಕ.

"ಅಲ್ಲಿ ಹಿಂದ ನೋಡಬ್ಯಾಡ ಅಂದ್ರು, ಆಯಿ. ಇಲ್ಲಿ ಹಿಂದ ನೋಡ್ಲಿಲ್ಲಂದ್ರ ಫೇಲ್."

"ಹಿಂದ ನೋಡು. ಅದೊಂದು ಮಾತ್ರ ಇವ್ರು ಹೇಳಿದಂಗ ಮಾಡು."

ಮೂರನೇ ಟೆಸ್ಟಿನ ದಿನ ನಾನು ಉಪವಾಸ ಮಾಡಲಿಲ್ಲ, ಹರಕೆ ಹೊರಲಿಲ್ಲ. ಎಂದಿನಷ್ಟೇ ರೊಟ್ಟಿ ಬಡಿದೆ. ಬಸ್ಸಿನಲ್ಲಿ ಹೋಗಿ ಕೊಟ್ಟೆ. ಹಿಂದಿರುಗುವ ಬಸ್ಸು ಬಂದರೂ ಹತ್ತಲಿಲ್ಲ, ಕಿಂಗ್ಸ್ ಸರ್ಕಲ್ಲಿನ ತೋಟದ ಕಡೆ ಮುಖ ಮಾಡಿ ನಿಂತೆ. ಗಾಡಿಗಳು ಸುತ್ತುತ್ತಿದ್ದವು. ಪಾಸಾದರೆ ಅಲ್ಲಿರುತ್ತಾನೆ, ಫೇಲಾದರೆ ಇಲ್ಲಿರುತ್ತಾನೆ. ಯಾವುದು ಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ, ಒಳ್ಳೆಯದಾಯಿತು.

ಮನೆಗೆ ಬಂದು ಕಾಲು ತೊಳೆಯುವಾಗ ಫೋನ್ ಬಂತು. ಈ ಸಲ ಮುಖ ಕಂಡಿತು. ಬಿಸಿಲಿಗೆ ಕಣ್ಣು ಸಣ್ಣ ಮಾಡಿದ್ದ, ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ.

"ಪಾಸ್!"

"ಸರ್ಕಲ್?"

"ಎರಡು ಬಂದ್ವು. ಎರಡೂ ಸರಿ ಹೋದೆ. ಆಯಿ, ಗೊತ್ತದೇನು, ಎಡ ಹೆಗಲು ಮ್ಯಾಲ ಏರಿ ಬಿಟ್ಟಿತ್ತು, ಘಡಾ ಇದ್ದಂಗ. ಪರೀಕ್ಷಾ ಮಾಡಾಂವ ಕಿವ್ಯಾಗ ಕೇಳ್ದ, ಹೆಗಲಿಗೆ ಏನರ ನೋವಾಗ್ಯದೇನು ಅಂತ. ಇಲ್ಲ ಸಾಬ್, ಆದತ್ ಅಂದೆ."

ಪಕ್ಕದ ಖೋಲಿಯವಳು ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ಹುಡುಗನಿಗೆ ಏನು ಉಪಾಯ ಹೇಳಿಕೊಟ್ಟೆ ಎಂದು ಅವಳಿಗೆ ನಾನು ಹೇಳಿಲ್ಲ. ಆ ದಿನ ಹುಡುಗನನ್ನು ತಿರುಗಿಸಿದವನು ಅವಳ ಗಂಡ. ಹೇಳಿದರೆ ಅವಳು ಅಳುತ್ತಾಳೆ, ಸಮಾಧಾನ ಮಾಡುವ ಕೆಲಸ ನನ್ನ ಮೇಲೆ ಬೀಳುತ್ತದೆ.

ಲೈಸೆನ್ಸ್ ಬಂದ ಮೇಲೆ ಕೆಲಸ ಸುರುವಾಯಿತು. ಮಧ್ಯಾಹ್ನವೇ ಊಟ ಮುಟ್ಟಿಸುವ ಹೊತ್ತು, ಹಾಗಾಗಿ ಮಧ್ಯಾಹ್ನದ ಫೋನ್ ನಿಂತಿತು. ಮೊದಲು ದಿನ ಬಿಟ್ಟು ದಿನ ಮಾಡಿದ, ಆಮೇಲೆ ವಾರಕ್ಕೊಮ್ಮೆ, ರಜೆಯ ದಿನ. ಬಣ್ಣದ ಜಾಕೀಟು, ಕೈಗವಸು, ಬೂಟು, ಹಿಂದೆ ದೊಡ್ಡ ಡಬ್ಬಿ ಇರುವ ಫೋಟೋ ಕಳಿಸಿದ. ಹೆಲ್ಮೆಟ್ ಹಾಕಿದ್ದರಿಂದ ಯಾರು ಎಂದು ಗುರುತು ಸಿಗುವುದಿಲ್ಲ. ಇವನೇ ಎಂದು ಅವನು ಹೇಳಿದ ಮೇಲೆ ಇವನೇ ಎಂದುಕೊಂಡೆ.

ಮೊದಲ ವಾರ ಒಂದು ದಿನ ಹೇಳಿದ, "ಆಯಿ, ಇಲ್ಲಿ ಹೆಜ್ಜಿಗೊಂದು ಸರ್ಕಲ್. ದಿನಕ್ಕ ಎಷ್ಟ ಸಲ ಅಪ್ಪನ್ನ ಸುತ್ತಬೇಕು ನಾನು?"

ನನಗೆ ಇದು ಹೊಳೆದೇ ಇರಲಿಲ್ಲ. ಒಂದು ಟೆಸ್ಟ್ ದಾಟಿಸಲು ಹೋಗಿ ಆ ಊರಿನ ಮೂಲೆಮೂಲೆಗೂ ಅವನ ಅಪ್ಪನನ್ನು ಮಲಗಿಸಿ ಬಿಟ್ಟಿದ್ದೆ.

"ಸುತ್ತು," ಎಂದೆ. "ಅಂವನೂ ಎಂದೂ ಪರದೇಶ ನೋಡಿರಲಿಲ್ಲ."

ಫೋನ್ ಇಟ್ಟ ಮೇಲೆ, ಹೀಗೆ ಅನ್ನಬಾರದಿತ್ತು ಎನಿಸಿತು. ಅಂದಾಗಿತ್ತು.

ಎರಡು ತಿಂಗಳು ಅದೇ ತಲೆಯಲ್ಲಿ ಕೊರೆಯಿತು. ಮೊನ್ನೆ ರಜೆಯ ದಿನ ಫೋನ್ ಮಾಡಿದಾಗ ಕೇಳಿಯೇ ಬಿಟ್ಟೆ.

"ಈಗೂ ನೆನಪಾಗ್ತದೇನು?"

"ಏನು?"

"ಸರ್ಕಲ್‌ನಾಗ."

"ಓ, ಅದಾ! ಇಲ್ಲ ಆಯಿ. ಈಗ ಕೈನೇ ಹೋಗ್ತದ. ಸೋಚ್ನಾ ನಹೀ ಪಡ್ತಾ."

"ಚಲೋ ಆತು," ಎಂದೆ. ಚಲೋ ಆಗಿದ್ದೂ ನಿಜ. ಆಮೇಲೆ ಅವನು ಯಾರದೋ ಫೋನ್ ಬರುತ್ತಿದೆ ಎಂದು ಇಟ್ಟ.

ನನ್ನ ಕೈಗೆ ಮಾತ್ರ ಇನ್ನೂ ರೂಢಿ ತಪ್ಪಿಲ್ಲ. ಹಿಟ್ಟು ಹರಡಿದರೆ ಬೆರಳು ತಾನೇ ದುಂಡಗೆ ಗೀರುತ್ತದೆ, ಆ ಉಲ್ಟಾ ಕಡೆಗೇ. ಒರೆಸಿ ರೊಟ್ಟಿ ಬಡಿಯುತ್ತೇನೆ. ನಿನ್ನೆ ಕಿಂಗ್ಸ್ ಸರ್ಕಲ್ಲಿನಲ್ಲಿ ಬೆನ್ನ ಹಿಂದೆ ಹೋಗಲು ಯಾರೂ ಸಿಗಲಿಲ್ಲ, ನಾನೇ ಮುಂದಾಗಿ ಇಳಿದೆ. ಗಾಡಿ ಬರುವುದು ಬಲಗಡೆಯಿಂದ, ನಾನು ನೋಡಿದ್ದು ಎಡಗಡೆಗೆ. ಒಂದು ಸ್ಕೂಟರ್ ಕಿರ್ರೆಂದು ನನ್ನ ಸೀರೆಯ ಹತ್ತಿರ ನಿಂತಿತು. ಹಿಂದೆ ಊಟದ ಡಬ್ಬಿ, ತಲೆಗೆ ಹೆಲ್ಮೆಟ್, ಕಾಲಿಗೆ ಚಪ್ಪಲಿ.

"ಓ ಮೌಶೀ! ಇಧರ್ ದೇಖೋ, ಇಧರ್! ಗಾಡಿ ಇಧರ್ ಸೇ ಆತೀ ಹೈ!"

"ನಿನಗ್ಯಾಂವ ಲೈಸೆನ್ಸ್ ಕೊಟ್ಟಾನ?" ಎಂದು ಕನ್ನಡದಲ್ಲೇ ಬೈದೆ. "ಚಪ್ಪಲಿ ಹಾಕ್ಕೊಂಡು ಗಾಡಿ ಹೊಡೀತಿ!"

ಅವನಿಗೆ ತಿಳಿಯಲಿಲ್ಲ. ಹಾರ್ನ್ ಹೊಡೆದು ತೋಟದ ಕಡೆ ಹೋದ, ತೋಟವನ್ನು ಬಲಕ್ಕಿಟ್ಟುಕೊಂಡು. ನಾನು ಫುಟ್‌ಪಾತಿಗೆ ಹಿಂದೆ ಹತ್ತಿ, ದಾಟುವವರು ಯಾರಾದರೂ ಬರಲಿ ಎಂದು ನಿಂತೆ.